ಮೊಳೆ ಸಿಗದ ಪಂಚರ್: ರಿಮ್‌ ಬದಿಯಲ್ಲಿ ಗಾಳಿ ಸೋರುವುದನ್ನು ಹುಡುಕಿ ನಿಲ್ಲಿಸುವ ಬಗೆ

ನಾಲ್ಕು ಚಕ್ರಗಳಲ್ಲಿ ಒಂದಕ್ಕೆ ಮಾತ್ರ ವಾರವಾರವೂ ಗಾಳಿ ಹಾಕಿಸಬೇಕಾಗುತ್ತದೆ. ಪಂಚರ್ ಅಂಗಡಿಯಲ್ಲಿ ತೋರಿಸಿದರೆ ಮೊಳೆಯೂ ಇಲ್ಲ, ತೂತೂ ಇಲ್ಲ. ಉಳ್ಳಾಲ, ಸುರತ್ಕಲ್, ಕಾಪು, ಮಲ್ಪೆ ಹೀಗೆ ಕಡಲಿಗೆ ಹತ್ತಿರದ ಊರುಗಳಲ್ಲಿ ಕೆಲವು ವರ್ಷ ಓಡಿದ ಟ್ಯೂಬ್‌ಲೆಸ್ ಟಯರಿನ ಕಾರು, ಸ್ಕೂಟರುಗಳಿಗೆ ಇದು ತೀರಾ ಸಾಮಾನ್ಯವಾದ ತೊಂದರೆ. ಇಂಥ ಕಡೆ ಮೊದಲು ಸಂಶಯಪಡಬೇಕಾದದ್ದು ಟಯರನ್ನಲ್ಲ, ಟಯರ್ ಕೂತಿರುವ ರಿಮ್ಮನ್ನು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಕೆಂಪು ಮಣ್ಣಿನ ಕೆಸರು ಮೂರೂ ಸೇರಿ ರಿಮ್ಮಿನ ಅಂಚನ್ನು ತಿನ್ನುತ್ತವೆ. ಗಾಳಿ ಹೊರಹೋಗುವುದು ಆ ಅಂಚಿನಿಂದ.

ಇದನ್ನು ಸರಿಮಾಡುವುದು ಕಷ್ಟವಲ್ಲ. ಆದರೆ ಟಯರ್ ರಿಮ್ಮಿಗೆ ಯಾವುದರ ಬಲದಿಂದ ಅಂಟಿಕೊಂಡಿದೆ ಎಂಬುದು ಗೊತ್ತಿಲ್ಲದೆ ಕೈ ಹಾಕಿದರೆ ಒಳ್ಳೆಯ ಟಯರೇ ಹಾಳಾಗುವ ಸಂಭವ ಇದೆ. ಹಾಗಾಗಿ ಮೊದಲು ಅದನ್ನು ನೋಡೋಣ.

ಟಯರನ್ನು ಹಿಡಿದಿರುವುದು ಏನು

ಟಯರ್ ಮತ್ತು ರಿಮ್ಮಿನ ನಡುವೆ ಅಂಟೂ ಇಲ್ಲ, ಬೋಲ್ಟೂ ಇಲ್ಲ. ಟಯರಿನ ಎರಡು ಒಳ ಅಂಚುಗಳಲ್ಲಿ ರಬ್ಬರಿನೊಳಗೆ ಉಕ್ಕಿನ ತಂತಿಗಳ ಕಟ್ಟು ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ. ಇದೇ ಬೀಡ್, ಅಂಗಡಿಗಳಲ್ಲಿ ಬೀಡಿಂಗ್ ಎಂದೂ ಹೇಳುತ್ತಾರೆ. ರಬ್ಬರ್ ಎಷ್ಟು ಎಳೆದರೂ ಹಿಗ್ಗುತ್ತದೆ, ಬೀಡಿನ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ಹೊರ ಅಂಚಿನಲ್ಲಿ ಎದ್ದು ನಿಂತ ತುಟಿ ಬೀಡಿನ ಅಳತೆಗಿಂತ ದೊಡ್ಡದು. ಆದ್ದರಿಂದ ಒಮ್ಮೆ ಒಳಗೆ ಕೂತ ಬೀಡ್ ಆ ತುಟಿಯನ್ನು ದಾಟಿ ಹೊರಬರಲಾರದು.

ಹಾಗಾದರೆ ಟಯರನ್ನು ಒಳಗೆ ಹಾಕುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುತ್ತದೆ. ಬೀಡಿನ ಒಂದು ಬದಿಯನ್ನು ಈ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ, ಅಲ್ಲಿ ತುಟಿಯ ಮೇಲಿಂದ ದಾಟಿಸಬಹುದು. ಟಯರ್ ಹಾಕುವ, ತೆಗೆಯುವ ಗುಟ್ಟೆಲ್ಲ ಇಷ್ಟೇ. ಬೀಡ್ ಹರಿದುಹೋದ ಟಯರುಗಳಲ್ಲಿ ಹೆಚ್ಚಿನವು ಎದುರು ಬದಿಯನ್ನು ತಗ್ಗಿಗೆ ಇಳಿಸದೆ ಬಲಪ್ರಯೋಗ ಮಾಡಿದ್ದರಿಂದ ಹರಿದವು.

ಬೀಡ್ ಕೂರುವ ಪಟ್ಟಿ ಸಮತಟ್ಟಾಗಿರುವುದಿಲ್ಲ. ಕಾರಿನ ರಿಮ್ಮಿನಲ್ಲಿ ಅದು ಹೊರಗಿನ ತುಟಿಯ ಕಡೆಗೆ 5 ಡಿಗ್ರಿ ಏರುತ್ತದೆ. ಲಾರಿ, ಬಸ್ಸುಗಳ 22.5 ಇಂಚಿನ ಟ್ಯೂಬ್‌ಲೆಸ್ ರಿಮ್ಮಿನಲ್ಲಿ 15 ಡಿಗ್ರಿ. ಒಳಗಿನ ಗಾಳಿ ಟಯರಿನ ಬದಿಗಳನ್ನು ಹೊರಕ್ಕೆ ತಳ್ಳಿದಂತೆ ಬೀಡ್ ಆ ಏರಿನಲ್ಲಿ ಜಾರಿ, ಬಿರಡೆ ಬಿಗಿಯುವ ಹಾಗೆ ಬಿಗಿಯುತ್ತದೆ. 33 ಪಿಎಸ್‌ಐ ಎಂದರೆ ಒಂದು ಚದರ ಇಂಚಿಗೆ ಸುಮಾರು 15 ಕಿಲೋ ಒತ್ತಡ. ಟಯರನ್ನು ಹಿಡಿದಿರುವ, ಗಾಳಿ ಸೋರದಂತೆ ತಡೆದಿರುವ, ಬ್ರೇಕ್ ಹಾಕಿದಾಗ ರಿಮ್ ಒಳಗೊಳಗೇ ಜಾರದಂತೆ ನೋಡಿಕೊಳ್ಳುವ ಬಲ ಈ ಒತ್ತಡದ್ದೇ. ಗಾಳಿ ಕಡಿಮೆಯಾದರೆ ಮೂರೂ ಒಟ್ಟಿಗೆ ದುರ್ಬಲವಾಗುತ್ತವೆ. ಶಿರಾಡಿಯ ತಿರುವಿನಲ್ಲಿ 15 ಪಿಎಸ್‌ಐಗೆ ಇಳಿದ ಮುಂದಿನ ಟಯರ್ ಅಪಾಯಕಾರಿ ಎನ್ನುವುದು ಇದಕ್ಕೇ: ಅಡ್ಡಕ್ಕೆ ಎಳೆಯುವ ಬಲಕ್ಕೆ ಬೀಡ್ ತನ್ನ ಜಾಗ ಬಿಟ್ಟು ತಗ್ಗಿಗೆ ಬಿದ್ದರೆ ಉಳಿದ ಗಾಳಿಯೂ ಒಂದೇ ಸಲಕ್ಕೆ ಹೋಗುತ್ತದೆ. ಇದನ್ನು ತಡೆಯಲೆಂದೇ ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಬೀಡ್ ಕೂರುವ ಜಾಗದ ಒಳಬದಿಗೆ ಒಂದು ಸಣ್ಣ ದಿಣ್ಣೆ ಇರುತ್ತದೆ. ರಿಮ್ಮಿನ ಮೇಲೆ ‘5.5ಜೆ × 14 ಎಚ್2’ ಎಂದಿದ್ದರೆ ಅಗಲ 5.5 ಇಂಚು, ತುಟಿಯ ಆಕಾರ ಜೆ, ಎರಡೂ ಬದಿಗೆ ದಿಣ್ಣೆ ಇದೆ ಎಂದು ಅರ್ಥ. ಟ್ಯೂಬ್ ಹಾಕುವ ಹಳೆಯ ರಿಮ್ಮುಗಳಲ್ಲಿ ಈ ದಿಣ್ಣೆ ಇಲ್ಲದಿರಬಹುದು. ಅಂಥದಕ್ಕೆ ಟ್ಯೂಬ್ ಇಲ್ಲದೆ ಟಯರ್ ಹಾಕಬೇಡಿ.

ಟಯರಿನ ಒಳಮೈಗೆ ಬ್ಯುಟೈಲ್ ಜಾತಿಯ ರಬ್ಬರಿನ ತೆಳು ಪದರ ಇರುತ್ತದೆ. ನಮ್ಮ ತೋಟಗಳ ನೈಸರ್ಗಿಕ ರಬ್ಬರಿಗೆ ಹೋಲಿಸಿದರೆ ಇದರ ಮೂಲಕ ಗಾಳಿ ಹಾಯುವುದು ಬಹಳ ನಿಧಾನ. ನಿಧಾನವೇ ಹೊರತು ಪೂರ್ತಿ ನಿಲ್ಲುವುದಿಲ್ಲ. ತಿಂಗಳಿಗೆ ಒಂದೆರಡು ಪಿಎಸ್‌ಐ ಕಡಿಮೆಯಾದರೆ ಅದು ಸಹಜ, ಅದಕ್ಕೆ ರಿಪೇರಿ ಬೇಡ.

ಸೋರಿಕೆ ಇದೆಯೇ, ಇದ್ದರೆ ಎಲ್ಲಿ

ಮೊದಲು ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ. ಬಂಕಿನ ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಗೇಜಿನಲ್ಲಿ ನೋಡಿದರೆ ಮಾತ್ರ ಇಳಿಕೆಯ ಲೆಕ್ಕ ಸಿಗುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನಾಲ್ಕೂ ಚಕ್ರಗಳ ಒತ್ತಡ ಬರೆದಿಡಿ. ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲಿರುವ ಅಂಕಿಗೆ ಸರಿಮಾಡಿ, ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ನೋಡಿ. ಮಧ್ಯಾಹ್ನ ನೋಡಿದರೆ ಲೆಕ್ಕ ತಪ್ಪುತ್ತದೆ. ಗಾಳಿಯ ಬಿಸಿ 10 ಡಿಗ್ರಿ ಏರಿದರೆ 33 ಪಿಎಸ್‌ಐ ಟಯರಿನಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಸೋರಿದ್ದು ಗೊತ್ತೇ ಆಗುವುದಿಲ್ಲ. ಉಡುಪಿಯಿಂದ ಆಗುಂಬೆ ಹತ್ತುವವರು ಮೇಲೆ ಹೋದ ಮೇಲೆ ಗಾಳಿ ಬದಲಿಸಬೇಕೇ ಎಂದು ಕೇಳುವುದುಂಟು. ಬೇಡ. ಸುಮಾರು 650 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಗೇಜಿನಲ್ಲಿ 1 ಪಿಎಸ್‌ಐ ಏರುತ್ತದೆ, ಅಲ್ಲಿನ ತಂಪಿಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ.

ಮೂರು ಚಕ್ರ ಸರಿಯಿದ್ದು ಒಂದು ಮಾತ್ರ ವಾರದಲ್ಲಿ 2-3 ಪಿಎಸ್‌ಐ ಕಳೆದುಕೊಂಡರೆ ಅಲ್ಲಿ ಸೋರಿಕೆ ಇದೆ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ ಹಾಕಿ ಸ್ಪ್ರೇ ಬಾಟಲಿಯಲ್ಲಿ ತುಂಬಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎದುರಿನ ಚಕ್ರಕ್ಕೆ ಕಲ್ಲು ಕೊಟ್ಟು, ನೆಲದ ಮೇಲಿರುವಾಗಲೇ ವೀಲ್ ನಟ್ ಸಡಿಲಿಸಿ, ಆಮೇಲೆ ಜಾಕಿ ಏರಿಸಿ ಚಕ್ರ ಹೊರತೆಗೆಯಿರಿ. ಚಕ್ರ ತೆಗೆಯದೆ ನೋಡಿದರೆ ಒಳಬದಿಯ ಬೀಡ್ ಕಾಣುವುದೇ ಇಲ್ಲ. ಕೆಸರು ನಿಲ್ಲುವುದು, ರಿಮ್ ಹೆಚ್ಚು ಕೆಡುವುದು ಆ ಒಳಬದಿಯಲ್ಲಿ. ಸೋರಿಕೆ ಬೇಗ ಕಾಣಲೆಂದು ಗಾಳಿಯನ್ನು 40 ಪಿಎಸ್‌ಐಗೆ ಏರಿಸಬಹುದು. ಟಯರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಮಿತಿಯನ್ನು ಮಾತ್ರ ಮೀರಬಾರದು.

ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ಒಂದು ತೊಟ್ಟು ಬಿಡಿ. ಗುಳ್ಳೆ ಉಬ್ಬಿದರೆ ಒಳಗಿನ ಪಿನ್ ಸಡಿಲಾಗಿದೆ ಇಲ್ಲವೇ ಅದರ ಮೇಲೆ ಮಣ್ಣು ಕೂತಿದೆ. ವಾಲ್ವಿನ ಬುಡಕ್ಕೆ ಸಿಂಪಡಿಸಿ, ಕಡ್ಡಿಯನ್ನು ಬೆರಳಿನಿಂದ ಆ ಕಡೆ ಈ ಕಡೆ ಬಗ್ಗಿಸಿ ನೋಡಿ. ಬಿರುಕು ಬಿಟ್ಟ ರಬ್ಬರ್ ವಾಲ್ವ್ ನೆಟ್ಟಗಿದ್ದಾಗ ಸೋರದೆ ಬಗ್ಗಿದಾಗ ಮಾತ್ರ ಸೋರುತ್ತದೆ, ಅಂದರೆ ಗಾಡಿ ಓಡುವಾಗ ಸೋರುತ್ತದೆ. ಆಮೇಲೆ ಟಯರಿನ ನೆಲ ತಾಗುವ ಮೈಯನ್ನು ಸುತ್ತಲೂ ನೋಡಿ, ಹಿಂದೆ ಹಾಕಿಸಿದ ಪಂಚರ್ ಇದ್ದರೆ ಅದನ್ನು ಬಿಡಬೇಡಿ. ಕೊನೆಗೆ ಚಕ್ರವನ್ನು ಅಡ್ಡ ಮಲಗಿಸಿ, ಟಯರ್ ಮತ್ತು ರಿಮ್ ಸೇರುವ ಸಂದಿಗೆ ಸುತ್ತಲೂ ಸೋಪಿನ ನೀರು ನಿಲ್ಲುವಂತೆ ಸುರಿಯಿರಿ. ಐದರಿಂದ ಹತ್ತು ನಿಮಿಷ ಹಾಗೇ ಬಿಡಿ. ವಾರಕ್ಕೆ ಎರಡು ಪಿಎಸ್‌ಐ ಸೋರುವ ಕಡೆ ದೊಡ್ಡ ಗುಳ್ಳೆ ಏಳುವುದಿಲ್ಲ, ಬಿಳಿ ನೊರೆಯ ಸಣ್ಣ ಗುಪ್ಪೆ ನಿಧಾನಕ್ಕೆ ಬೆಳೆಯುತ್ತದೆ. ಅಂಗಡಿಯ ತೊಟ್ಟಿಯಲ್ಲಿ ಅರ್ಧ ನಿಮಿಷ ತಿರುಗಿಸಿದಾಗ ಇದು ಕಾಣದೆ ಹೋಗುವುದು ಸಹಜ. ನೊರೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಚಕ್ರ ಮಗುಚಿ ಇನ್ನೊಂದು ಬದಿಯನ್ನೂ ನೋಡಿ.

ಅಲಾಯ್ ಚಕ್ರವಾದರೆ ಕಡ್ಡಿಗಳ ಬುಡ, ಒಳಗಿನ ಪೀಪಾಯಿ ಭಾಗದ ಮೇಲೂ ಸಿಂಪಡಿಸಿ. ಮಳೆಗಾಲದ ಹೊಂಡಕ್ಕೆ ಬಿದ್ದ ಅಲಾಯಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಬಿರುಕು ಕಂಡರೆ ಎಂ-ಸೀಲ್ ಮೆತ್ತಿ ಓಡಿಸಬೇಡಿ, ಚಕ್ರ ಬದಲಿಸಿ.

ರಿಮ್ ಅಂಚಿನ ಸೋರಿಕೆಗೆ ಮದ್ದು

ಬಿಚ್ಚುವ ಮೊದಲು ಟಯರಿನ ಮೇಲೆ ವಾಲ್ವ್ ಇರುವ ಜಾಗಕ್ಕೆ ಒಂದು ಗುರುತು, ಹೊರಬದಿಗೆ ಇನ್ನೊಂದು ಗುರುತು ಹಾಕಿ. ವಾಲ್ವಿನ ಪಿನ್ನನ್ನೇ ಬಿಚ್ಚಿ ಗಾಳಿ ಪೂರ್ತಿ ಬಿಡಿ. ಅಂಗಡಿಯ ಟಯರ್ ಬಿಚ್ಚುವ ಯಂತ್ರದ ಸಲಿಕೆಯನ್ನು ರಿಮ್ ತುಟಿಯಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಟಯರಿನ ಮೇಲೆ ಒತ್ತಿಸಿ, ಸುತ್ತಲೂ ನಾಲ್ಕೈದು ಕಡೆ ಬೀಡ್ ಬಿಡಿಸಬೇಕು. ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಇರುವ ಚಕ್ರವಾದರೆ ಯಂತ್ರಕ್ಕೆ ಏರಿಸುವ ಮೊದಲೇ ಅಂಗಡಿಯವರಿಗೆ ಹೇಳಿ. ಅದು ವಾಲ್ವಿನ ಬುಡದಲ್ಲೇ ಒಳಗೆ ಇರುತ್ತದೆ, ಸಲಿಕೆ ಅಲ್ಲಿ ಒತ್ತಿದರೆ ಮುರಿಯುತ್ತದೆ.

ಹೊರಬಂದ ಟಯರಿನ ಬೀಡನ್ನು ಬೆಳಕಿನಲ್ಲಿ ಬೆರಳಾಡಿಸಿ ನೋಡಿ. ರಬ್ಬರ್ ಹರಿದು ತಂತಿ ಕಂಡರೆ ಆ ಟಯರಿಗೆ ರಿಪೇರಿ ಇಲ್ಲ. ತುಕ್ಕಿನ ಚೂರು, ಬಿಳಿ ಪುಡಿ ಮೆತ್ತಿಕೊಂಡಿದ್ದರೆ ಒದ್ದೆ ಬಟ್ಟೆ, ಮೆದು ಬ್ರಷ್ಷಿನಿಂದ ತೆಗೆಯಿರಿ. ಬೀಡಿನ ರಬ್ಬರನ್ನು ಎಮರಿಯಿಂದ ಉಜ್ಜಬಾರದು.

ಕೆಲಸ ಹೆಚ್ಚು ಬೀಳುವುದು ರಿಮ್ಮಿನಲ್ಲಿ. ಉಕ್ಕಿನ ರಿಮ್ ಆದರೆ ಬೀಡ್ ಕೂರುವ ಪಟ್ಟಿಯಲ್ಲಿ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ತಂತಿ ಬ್ರಷ್ಷಿನಿಂದ ಪದರವನ್ನೆಲ್ಲ ಕಿತ್ತು, 80ನೆಯ ನಂಬರಿನ ಎಮರಿ, ಆಮೇಲೆ 120ನೆಯದರಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಒಣಬಟ್ಟೆಯಿಂದ ಒರೆಸಿ, ತುಕ್ಕು ತಡೆಯುವ ಪ್ರೈಮರ್ ಒಂದು ಕೈ, ಪೈಂಟ್ ಒಂದು ಕೈ, ಎರಡನ್ನೂ ತೆಳ್ಳಗೆ ಹೊಡೆಯಿರಿ. ದಪ್ಪ ಪೈಂಟ್ ಬೀಡಿಗೆ ಅಂಟಿ ಸಿಪ್ಪೆಯಾಗಿ ಏಳುತ್ತದೆ, ಮತ್ತೆ ಅಲ್ಲೇ ಗಾಳಿ ಸೋರುತ್ತದೆ. ಜೂನ್-ಜುಲೈ ತಿಂಗಳ ತೇವದಲ್ಲಿ ಪೈಂಟ್ ಒಂದು ದಿನದಲ್ಲಿ ಗಟ್ಟಿಯಾಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ; ಸ್ಟೆಪ್ನಿ ಹಾಕಿಕೊಂಡು ಓಡಾಡಿ, ಎರಡು ದಿನ ಬಿಡಿ. ಸಾಧ್ಯವಾದರೆ ಈ ಕೆಲಸವನ್ನು ಏಪ್ರಿಲ್-ಮೇ ತಿಂಗಳಲ್ಲೇ ಮುಗಿಸಿ.

ಅಲಾಯಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಕೆಂಪು ತುಕ್ಕು ಹಿಡಿಯುವುದಿಲ್ಲ ನಿಜ. ಆದರೆ ಮೇಲಿನ ಲ್ಯಾಕರ್ ಒಂದು ಕಡೆ ಸೀಳಿದರೂ ಉಪ್ಪುನೀರು ಅದರ ಅಡಿಗೆ ಹೋಗಿ ಅಲ್ಯೂಮಿನಿಯಮ್ಮನ್ನು ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಲ್ಯಾಕರನ್ನು ಇನ್ನಷ್ಟು ಎಬ್ಬಿಸುತ್ತದೆ. ನಮ್ಮ ಕಡೆ ಅಲಾಯ್ ಚಕ್ರ ಸೋರಲು ಇದು ಮುಖ್ಯ ಕಾರಣ. ಇದಕ್ಕೆ ಉಕ್ಕಿನ ತಂತಿ ಬ್ರಷ್ ಬಳಸಬೇಡಿ. ಅದು ಆಳವಾದ ಗೀರು ಬೀಳಿಸುತ್ತದೆ, ಉಕ್ಕಿನ ಕಣ ಉಳಿದರೆ ಅಲ್ಲೇ ಹೊಸದಾಗಿ ಕೊರೆತ ಶುರುವಾಗುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಮಾದರಿಯ ನೈಲಾನ್ ಪ್ಯಾಡ್, ಆಮೇಲೆ 180ರಿಂದ 240ನೆಯ ನಂಬರಿನ ವಾಟರ್ ಪೇಪರ್ ಸಾಕು. ಎದ್ದ ಲ್ಯಾಕರಿನ ಅಂಚು ಉಗುರಿಗೆ ತಾಗದಷ್ಟು ನಯವಾಗಬೇಕು. ಸುತ್ತ ಉಜ್ಜಬೇಕೇ ಹೊರತು ಅಡ್ಡ ಉಜ್ಜಬಾರದು; ಅಡ್ಡ ಬಿದ್ದ ಗೀರು ಒಳಗಿನಿಂದ ಹೊರಗೆ ಗಾಳಿಗೆ ದಾರಿ ಆಗುತ್ತದೆ.

ಉಜ್ಜಿದ ಮೇಲೂ ಸಣ್ಣ ಗುಂಡಿಗಳು ಉಳಿದರೆ ಬೀಡ್ ಸೀಲರ್ ಎಂಬ ಕಪ್ಪು ರಬ್ಬರ್ ದ್ರಾವಣವನ್ನು ಬೀಡ್ ಕೂರುವ ಪಟ್ಟಿಗೆ ಮಾತ್ರ ತೆಳ್ಳಗೆ ಹಚ್ಚಿ. ಕೆಲವು ಕಡೆ ರಿಮ್ಮನ್ನು ಉಜ್ಜದೆ ಇದನ್ನೇ ದಪ್ಪ ಬಳಿದು ಕೊಡುತ್ತಾರೆ. ಪುಡಿಯ ಮೇಲೆ ಹಚ್ಚಿದ ಸೀಲರ್ ಪುಡಿಯ ಜತೆಗೇ ಎದ್ದು ಬರುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ. ಎದುರಿಗೆ ನಿಂತು ಉಜ್ಜಿಸಿಕೊಳ್ಳಿ. ಹೊಂಡಕ್ಕೆ ಬಿದ್ದು ತುಟಿಯೇ ಸೊಟ್ಟಗಾಗಿದ್ದರೆ ಸೀಲರಿನಿಂದ ಪ್ರಯೋಜನವಿಲ್ಲ.

ಟಯರ್ ಬಿಚ್ಚಿರುವಾಗಲೇ ರಬ್ಬರ್ ವಾಲ್ವ್ ಹೊಸದು ಹಾಕಿಸಿ. ಅದರ ಬೆಲೆ ಅಲ್ಪ, ಆಮೇಲೆ ಅದಕ್ಕಾಗಿಯೇ ಬಿಚ್ಚಿಸುವ ಖರ್ಚು ಹೆಚ್ಚು. ಸೆನ್ಸರ್ ಇರುವ ಅಲ್ಯೂಮಿನಿಯಮ್ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ನನ್ನೇ ಹಾಕಬೇಕು. ಸಾದಾ ಹಿತ್ತಾಳೆ ಪಿನ್ ಹಾಕಿದರೆ ಉಪ್ಪುಗಾಳಿಯ ತೇವದಲ್ಲಿ ಎರಡು ಲೋಹ ಕಚ್ಚಿಕೊಂಡು ಪಿನ್ ತಿರುಗುವುದೇ ಇಲ್ಲ. ಶೋಕಿಯ ಲೋಹದ ಮುಚ್ಚಳಗಳದ್ದೂ ಇದೇ ಕತೆ. ಕಡಲತೀರದ ಗಾಡಿಗೆ ಪ್ಲಾಸ್ಟಿಕ್ ಮುಚ್ಚಳವೇ ಒಳ್ಳೆಯದು. ಮುಚ್ಚಳ ಇಲ್ಲದೆ ಓಡಿಸಬೇಡಿ, ಪಿನ್ನಿಗೆ ಮಣ್ಣು ಕೂರದಂತೆ ತಡೆಯುವುದು ಅದೇ.

ಮತ್ತೆ ಕೂರಿಸುವಾಗ

ಎರಡೂ ಬೀಡುಗಳಿಗೆ, ರಿಮ್ಮಿನ ದಿಣ್ಣೆಗೆ ಟಯರ್ ಪೇಸ್ಟ್ ಹಚ್ಚಿ. ಅದಿಲ್ಲದಿದ್ದರೆ ಗಟ್ಟಿ ಸೋಪಿನ ನೀರು. ಗ್ರೀಸ್, ಇಂಜಿನ್ ಆಯಿಲ್ ಬೇಡವೇ ಬೇಡ: ರಬ್ಬರ್ ಉಬ್ಬುತ್ತದೆ, ಜತೆಗೆ ಅವು ಒಣಗದೆ ಉಳಿಯುವುದರಿಂದ ಬ್ರೇಕ್ ಹಾಕಿದಾಗ ಟಯರೊಳಗೆ ರಿಮ್ ಜಾರುತ್ತದೆ. ಟಯರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ನೋಡಿಕೊಳ್ಳಿ. ಹೊಸ ಟಯರಿನಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟಯರಿನ ಹಗುರ ಭಾಗ, ವಾಲ್ವಿನ ನೇರಕ್ಕೆ ಬರಲಿ.

ಗಾಳಿ ತುಂಬುವಾಗ ಪಿನ್ ಹಾಕಬೇಡಿ. ಪಿನ್ ಇಲ್ಲದಿದ್ದರೆ ಗಾಳಿ ರಭಸದಿಂದ ಒಳಹೋಗಿ ಬೀಡನ್ನು ಎಬ್ಬಿಸುತ್ತದೆ. ಎರಡು ಸಲ ‘ಟಪ್’ ಎಂಬ ದೊಡ್ಡ ಸದ್ದು ಕೇಳಬೇಕು; ಎರಡೂ ಬೀಡುಗಳು ದಿಣ್ಣೆ ಹತ್ತಿ ತಮ್ಮ ಜಾಗಕ್ಕೆ ಬಿದ್ದ ಸದ್ದು ಅದು. ಕಾರಿನ ಟಯರಿನಲ್ಲಿ 40 ಪಿಎಸ್‌ಐ ಆದರೂ ಕೂರದಿದ್ದರೆ ಇನ್ನೂ ಏರಿಸಬೇಡಿ. ಗಾಳಿ ಬಿಟ್ಟು, ಪೇಸ್ಟ್ ಹಚ್ಚಿ, ಮತ್ತೆ ಪ್ರಯತ್ನಿಸಿ. ಕೂರದ ಬೀಡಿಗೆ ಒತ್ತಡ ಏರಿಸುತ್ತ ಹೋದರೆ ತಂತಿ ತುಂಡಾಗಿ ಚಕ್ರ ಸಿಡಿಯಬಹುದು. ಗಾಳಿ ತುಂಬುವಾಗ ಚಕ್ರದ ಮೇಲೆ ಬಾಗಬೇಡಿ, ಟಯರ್ ಮತ್ತು ರಿಮ್ಮಿನ ನಡುವೆ ಬೆರಳು ಇಡಬೇಡಿ, ಕಚ್ಚಿಕೊಂಡು ನಿಲ್ಲುವ ಪೈಪ್ ಬಳಸಿ ದೂರ ನಿಲ್ಲಿ. ಹಳೆಯದಾಗಿ ಚಪ್ಪಟೆಯಾದ ಸ್ಕೂಟರ್ ಟಯರ್ ಗಾಳಿಯನ್ನೇ ಹಿಡಿಯದಿದ್ದರೆ ಹೊರಮೈಗೆ ಸುತ್ತಲೂ ಹಗ್ಗ ಕಟ್ಟಿ, ಕೋಲು ತೂರಿಸಿ ತಿರುಚಿ ಬಿಗಿಯಿರಿ. ಬೀಡುಗಳು ಅಗಲವಾಗಿ ರಿಮ್ಮಿಗೆ ತಾಗುತ್ತವೆ. ಗಾಳಿ ಹಿಡಿದ ಕೂಡಲೇ ಹಗ್ಗ ಬಿಚ್ಚಿ. ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಟ್ಟು ಕೂರಿಸುವ ವೀಡಿಯೊಗಳನ್ನು ನೋಡಿ ಮರುಳಾಗಬೇಡಿ.

ಕೂತ ಮೇಲೆ ಟಯರಿನ ಬದಿಯಲ್ಲಿ ರಿಮ್ಮಿಗೆ ಒತ್ತಿ ಒಂದು ಅಚ್ಚಿನ ಗೆರೆ ಕಾಣುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು, ಎರಡೂ ಬದಿಯಲ್ಲಿ. ಒಂದು ಕಡೆ ಒಳಗೆ ಹೋಗಿದ್ದರೆ ಬೀಡ್ ಅಲ್ಲಿ ಕೂತಿಲ್ಲ. ಸರಿ ಇದ್ದರೆ ಪಿನ್ ಹಾಕಿ, ಸ್ಟಿಕ್ಕರಿನ ಅಂಕಿಗೆ ಗಾಳಿ ತುಂಬಿ, ಮತ್ತೊಮ್ಮೆ ಸೋಪಿನ ನೀರಿನ ಪರೀಕ್ಷೆ, ಆಮೇಲೆ ಬ್ಯಾಲೆನ್ಸಿಂಗ್. ಚಕ್ರ ಜೋಡಿಸುವಾಗ ಹಬ್ಬಿನ ಮುಖದ ತುಕ್ಕು ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಿಗಿಯನ್ನು ಇನ್ನೊಮ್ಮೆ ನೋಡಿ.

ಗಾಳಿಯೊಂದಿಗೆ ಬರುವ ನೀರು

ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಕಂಪ್ರೆಸರ್ ಅದನ್ನು ಹಿಂಡಿದಾಗ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ದಿನಾ ತಳದ ಕೀಲು ತಿರುಗಿಸಿ ಆ ನೀರು ಬಿಡದ ಅಂಗಡಿಯಲ್ಲಿ ಅದು ಪೈಪಿನ ಮೂಲಕ ನಿಮ್ಮ ಟಯರಿಗೆ ಬರುತ್ತದೆ, ರಿಮ್ ಒಳಗಿನಿಂದ ಕೆಡುತ್ತದೆ. ಗಾಳಿ ಹಾಕುವ ಮೊದಲು ಪೈಪಿನ ಬಾಯಿಯನ್ನು ನೆಲದ ಕಡೆ ಹಿಡಿದು ಎರಡು ಕ್ಷಣ ಬಿಡಲು ಹೇಳಿ. ನೆಲ ಒದ್ದೆಯಾದರೆ ಬೇರೆ ಕಡೆ ಹೋಗಿ. ನೈಟ್ರೋಜನ್ನಿನ ನಿಜವಾದ ಲಾಭ ಇಲ್ಲಿದೆ: ಅದು ಒಣ. ಉಳಿದಂತೆ ಸಾದಾ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ರಿಮ್ ಅಂಚಿನಲ್ಲಿ ಸಂದು ಇದ್ದರೆ ನೈಟ್ರೋಜನ್ನೂ ಹಾಗೇ ಹೊರಹೋಗುತ್ತದೆ.

ಟಯರೊಳಗೆ ಸುರಿಯುವ ಸೀಲೆಂಟ್ ದ್ರವವೂ ಇದಕ್ಕೆ ಪರಿಹಾರವಲ್ಲ. ಚಕ್ರ ತಿರುಗುವಾಗ ದ್ರವವೆಲ್ಲ ಹೊರಮೈಯ ಕಡೆಗೆ ಹೋಗಿ ನಿಲ್ಲುತ್ತದೆ, ಬೀಡಿನ ಹತ್ತಿರ ಸಾಕಷ್ಟು ಉಳಿಯುವುದಿಲ್ಲ. ಆಮೇಲೆ ಒಳಗಿನಿಂದ ಪ್ಯಾಚ್ ಹಾಕಲು ಹೋದರೆ ಅದೂ ಅಂಟುವುದಿಲ್ಲ.

ನಿಜವಾಗಿ ಮೊಳೆಯೇ ಸಿಕ್ಕರೆ: ತೂತು ನೆಲ ತಾಗುವ ಭಾಗದಲ್ಲಿದ್ದು 6 ಮಿ.ಮೀ. ಒಳಗಿದ್ದರೆ ರಿಪೇರಿ ಆಗುತ್ತದೆ. ಹೊರಗಿನಿಂದ ತೂರಿಸುವ ಬತ್ತಿ ಮನೆ ಮುಟ್ಟಲು ಸಾಕು. ಟಯರ್ ಬಿಚ್ಚಿ ಒಳಗಿನಿಂದ ಹಾಕುವ ಕಾಂಡವಿರುವ ಅಣಬೆಯಾಕಾರದ ಪ್ಯಾಚೇ ಶಾಶ್ವತ ಕೆಲಸ. ಬದಿಯ ಗೋಡೆಗೆ ಬಿದ್ದ ತೂತಿಗೆ ಎರಡೂ ಬೇಡ.

ಟ್ಯೂಬ್ ಇರುವ ಚಕ್ರ

ಕಡ್ಡಿ ಚಕ್ರದ ಬೈಕಿನಲ್ಲಿ ಗಾಳಿ ಹಿಡಿಯುವುದು ಟ್ಯೂಬ್, ಆದರೆ ಟಯರ್ ಜಾರದಂತೆ ಹಿಡಿಯುವುದು ಅಲ್ಲೂ ಬೀಡ್ ಮತ್ತು ಒತ್ತಡವೇ. ಗಾಳಿ ಕಡಿಮೆ ಇದ್ದು ಬ್ರೇಕ್ ಹಾಕಿದರೆ ಟಯರ್ ಜಾರುತ್ತದೆ, ಟ್ಯೂಬನ್ನೂ ಜತೆಗೆ ಎಳೆಯುತ್ತದೆ, ವಾಲ್ವಿನ ನೆಕ್ ಬುಡದಲ್ಲಿ ಹರಿಯುತ್ತದೆ. ವಾಲ್ವ್ ರಿಮ್ಮಿನಲ್ಲಿ ವಾಲಿ ನಿಂತಿದ್ದರೆ ಅದು ಮುನ್ಸೂಚನೆ; ಗಾಳಿ ಬಿಟ್ಟು, ಟಯರ್ ತಿರುಗಿಸಿ, ವಾಲ್ವ್ ನೆಟ್ಟಗೆ ಮಾಡಿ ಮತ್ತೆ ತುಂಬಿ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಾಗಿ ಕಚ್ಚಿಸಬೇಡಿ, ಸಡಿಲ ಇದ್ದರೆ ವಾಲುವುದು ಮೊದಲೇ ಕಾಣುತ್ತದೆ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ಒಳಗೆ ಹಾಕುವ ರಬ್ಬರ್ ಪಟ್ಟಿಯನ್ನೂ ತುಕ್ಕು ತಿನ್ನುತ್ತದೆ, ಟ್ಯೂಬ್ ಬದಲಿಸುವಾಗ ಅದನ್ನೂ ನೋಡಿ.

ಹಳೆಯ ಸ್ಕೂಟರುಗಳ ಎರಡು ಹೋಳಿನ ರಿಮ್ಮಿನಲ್ಲಿ ಒಂದು ಸಾಲು ನಟ್ ಚಕ್ರವನ್ನು ಗಾಡಿಗೆ ಹಿಡಿದಿರುತ್ತದೆ, ಇನ್ನೊಂದು ಸಾಲು ಎರಡು ಹೋಳುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಗಾಳಿ ಇರುವಾಗ ಎರಡನೆಯ ಸಾಲಿಗೆ ಪಾನ ಹಾಕಿದರೆ ಹೋಳುಗಳು ಸಿಡಿದು ಮುಖಕ್ಕೆ ಬರುತ್ತವೆ. ಯಾವ ಸಾಲು ಎಂಬ ಸಂಶಯವಿದ್ದರೆ ಪಿನ್ ಬಿಚ್ಚಿ ಗಾಳಿ ಪೂರ್ತಿ ಬಿಟ್ಟೇ ಮುಂದುವರಿಯಿರಿ.

ಲಾಕ್ ರಿಂಗ್ ಇರುವ 20 ಇಂಚಿನ ಲಾರಿ ಚಕ್ರಗಳಿಗೆ ಮನೆಯಲ್ಲಿ ಕೈ ಹಾಕಲೇಬಾರದು. ಮೀನಿನ ಲಾರಿಗಳಿಂದ ಸುರಿಯುವ ಉಪ್ಪು ಮಂಜುಗಡ್ಡೆಯ ನೀರು ಈ ರಿಂಗನ್ನೂ ಅದು ಕೂರುವ ಕಾಲುವೆಯನ್ನೂ ತಿನ್ನುತ್ತದೆ. ಕೊರೆದುಹೋದ ರಿಂಗ್ ಗಾಳಿ ತುಂಬುವಾಗ ಹಾರಿದರೆ ಎದುರಿಗಿದ್ದವರು ಉಳಿಯುವುದಿಲ್ಲ. ರಿಂಗ್ ಸೊಟ್ಟಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬಡಿದು ಸರಿಮಾಡದೆ ಬಿಸಾಡಿ, ಹೊಸ ರಿಂಗ್ ಹಾಕಿದ ಚಕ್ರಕ್ಕೂ ಕಬ್ಬಿಣದ ಪಂಜರದೊಳಗೆ ಇಟ್ಟೇ ಗಾಳಿ ತುಂಬಿಸಿ.